ಎಡಗೈ ಕಟಿಂಗ್ ಮಾಸ್ಟರ್‌ಗೆ ಬಲಗೈ ರೂಢಿ ಮಾಡಿಸಬೇಕೇ?

ಪರ: ಯಂತ್ರವೇ ಬಲಗೈಯದ್ದು

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಡೆನಿಮ್ ಪದರ ಸೀಳುವ ನೆಟ್ಟಲಗಿನ ಕಟಿಂಗ್ ಯಂತ್ರವನ್ನು ನೋಡಿ. ಅಲಗು ನಿಮಿಷಕ್ಕೆ ಸುಮಾರು 2,800 ಸಲ ಮೇಲೆ ಕೆಳಗೆ ಆಡುತ್ತದೆ. ಬಲಗೈ ಹಿಡಿಕೆ ತಳ್ಳುತ್ತದೆ, ಎಡಗೈ ಬಟ್ಟೆ ಅದುಮುತ್ತದೆ. ಉಕ್ಕಿನ ಬಲೆಯ ಕೈಗವಸು ಇರುವುದು ಆ ಎಡಗೈಗೆ. ಎಡಚ ಕೈ ಬದಲಿಸಿದನೆಂದರೆ ಅಲಗಿನ ಪಕ್ಕಕ್ಕೆ ಬರುವುದು ಬರಿಗೈ. 1989ರಲ್ಲಿ ಕೆನಡಾದ ಮನೋವಿಜ್ಞಾನಿ ಸ್ಟ್ಯಾನ್ಲಿ ಕೋರೆನ್ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ ಎಡಗೈಯವರಲ್ಲಿ ಗಾಯದ ಸಾಧ್ಯತೆ ಬಲಗೈಯವರ 1.89 ಪಟ್ಟು ಕಂಡಿತ್ತು. ಹೊಸ ಹುಡುಗನಿಗೆ ರದ್ದಿ ಬಟ್ಟೆಯ ಮೇಲೆ ಮೊದಲು ನೇರ ಗೆರೆ, ಆಮೇಲೆ ಪ್ಯಾಂಟಿನ ಆಸನದ ತಿರುವು ಬಲಗೈಯಲ್ಲೇ ಕಲಿಸಿಬಿಡುವುದು ವಾಸಿ.

ವಿರೋಧ: ಕೈ ಬದಲಿಸಿದರೂ ಬೆದರಿಕೆ ಬದಲಾಗದು

ಕೋರೆನ್ ಕೇಳಿದ್ದು ಅವರವರ ನೆನಪಿನ ಗಾಯಗಳನ್ನು. 1991ರಲ್ಲಿ ಅವರೂ ಮನೋವಿಜ್ಞಾನಿ ಡಯೇನ್ ಹ್ಯಾಲ್ಪರ್ನ್‌ರೂ ಎಡಗೈಯವರು 9 ವರ್ಷ ಮೊದಲೇ ಸಾಯುತ್ತಾರೆಂದರು. ಆದರೆ ಹಳೇ ತಲೆಮಾರಿನ ಎಡಚರನ್ನು ಬಾಲ್ಯದಲ್ಲೇ ಹೊಡೆದು ಬಡಿದು ಬಲಗೈಗೆ ತಿರುಗಿಸಿದ್ದರು. ಮುದುಕರ ಲೆಕ್ಕದಲ್ಲಿ ಎಡಗೈ ಕಡಿಮೆಯಾದದ್ದು ಅದಕ್ಕೇ ಎಂದು ಟೀಕಾಕಾರರು ತೋರಿಸಿದರು.

ಮೇಜಿನ ಹತ್ತಿರ ಬನ್ನಿ. ಪದರ ಜಾರಿದ ಕ್ಷಣ ಎಡಚನ ಎಡಗೈ ತಾನಾಗಿ ಮುಂದೆ ಚಾಚುತ್ತದೆ. ಬಲಗೈ ರೂಢಿ ಮಾಡಿಸಿದವನಲ್ಲಿ ಆ ಕೈ ಅಲಗಿನ ಪಕ್ಕದಲ್ಲೇ ಇರುತ್ತದೆ! ತಿರುವಿನಲ್ಲಿ ಹಿಡಿಕೆ ನಡೆಸುವುದು ನಾಜೂಕಿನ ಕೆಲಸ. ಪಳಗದ ಕೈ ನೂಕುತ್ತದೆ, ಅಲಗು ವಾಲುತ್ತದೆ, ಕೆಳಪದರ ಗೆರೆ ಬಿಡುತ್ತದೆ. ಬಲೆಗವಸಿನ ಮಾತಿಗೆ ಬಂದರೆ, ತಿರುವಿ ಯಾವ ಕೈಗಾದರೂ ತೊಡುವ ಮಾದರಿಗಳಿವೆ. ನಿಜವಾದ ತಪ್ಪು ಅಲಗಿನಿಂದ ಬೆರಳು ಕಾಯುವ ಗಾರ್ಡಿನದು. ಅದನ್ನು ಮೇಲ್ಪದರಕ್ಕೆ ತಾಗಿಯೂ ತಾಗದಷ್ಟು ಇಳಿಸಬೇಕು. ಗೆರೆ ಕಾಣುವುದಿಲ್ಲವೆಂದು ಅದನ್ನು ನಾಲ್ಕು ಬೆರಳಗಲ ಮೇಲೆ ಎತ್ತಿಟ್ಟವರ ಬೆರಳು ಹೋಗುವಾಗ ಅಲಗು ಎಡಬಲ ನೋಡುವುದಿಲ್ಲ.

ಕತ್ತರಿಯ ವಿಷಯ ಬೇರೆ, ಅಲ್ಲಿ ಎಡಚನಿಗೆ ನಿಜಕ್ಕೂ ಅನ್ಯಾಯವಿದೆ. ಬಲಗೈ ಕತ್ತರಿಯ ಅಲಗುಗಳನ್ನು ಬಲಗೈ ಹೆಬ್ಬೆರಳಿನ ಒತ್ತು ಒಂದಕ್ಕೊಂದು ಕೂಡಿಸುತ್ತದೆ. ಎಡಗೈ ಹೆಬ್ಬೆರಳು ಅವನ್ನು ಅಗಲಿಸುತ್ತದೆ. ಬಟ್ಟೆ ಕತ್ತರಿಸುವ ಬದಲು ನಡುವೆ ಮಡಚಿಕೊಳ್ಳುತ್ತದೆ, ಅವನು ಇನ್ನಷ್ಟು ಬಲ ಹಾಕುತ್ತಾನೆ, ಕತ್ತರಿ ತಪ್ಪುತ್ತದೆ. ಇದಕ್ಕೆ ಎಡಗೈ ಕತ್ತರಿಯೇ ಬೇಕು. ಕೊಳ್ಳುವಾಗ ಹಿಡಿಯ ಆಕಾರ ನೋಡಿ ಮೋಸಹೋಗಬೇಡಿ: ಎಡಗೈಯಲ್ಲಿ ಹಿಡಿದು ನೋಡಿದರೆ ಮೇಲಿನ ಅಲಗು ಎಡಬದಿಗಿರಬೇಕು.