ಕುದುರೆ ನಿಂತರೆ ಮೊದಲು ನಮ್ಮ ಕಾಲು ನೋಡಿಕೊಳ್ಳಬೇಕು

"ಈ ಕುದುರೆಗೆ ಸೋಮಾರಿತನ ಜಾಸ್ತಿ. ನಾಲ್ಕು ಹೆಜ್ಜೆ ಓಡಿ ನಿಂತುಬಿಡುತ್ತೆ." ಲಂಜಿಂಗ್ ಮಾಡಿಸುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಒಂದು ಕಂದು ಹೆಣ್ಣು ಕುದುರೆಯ ಬಗ್ಗೆ ಇದೇ ಮಾತನ್ನು ನಾನೂ ಹೇಳಿದ್ದೆ. ತಪ್ಪು ಅದರದ್ದಾಗಿರಲಿಲ್ಲ.

ಲಂಜಿಂಗ್ ಅಂದರೆ ಉದ್ದನೆಯ ಹಗ್ಗ ಹಿಡಿದು ನಾವು ನಡುವೆ ನಿಂತು, ಕುದುರೆಯನ್ನು ನಮ್ಮ ಸುತ್ತ ನಡೆಸುವುದು, ಓಡಿಸುವುದು. ನೋಡುವುದಕ್ಕೆ ಸುಲಭ. ಆ ಕುದುರೆ ಅರ್ಧ ಸುತ್ತು ಟ್ರಾಟ್ (ನಡಿಗೆಗಿಂತ ಜೋರಾದ ಸಣ್ಣ ಓಟ) ಮಾಡಿ, ಒಳಗೆ ತಿರುಗಿ, ನನ್ನ ಮುಖ ನೋಡುತ್ತಾ ನಿಲ್ಲುತ್ತಿತ್ತು. ನಾನು ಅದರ ತಲೆಯ ಕಡೆ ಹೋಗಿ ಹಗ್ಗ ಜಗ್ಗುತ್ತಿದ್ದೆ, ಚಾವಟಿ ಆಡಿಸುತ್ತಿದ್ದೆ. ಅದು ಹಿಂದಕ್ಕೆ ಸರಿಯುತ್ತಿತ್ತು. ದಿನವೂ ಇದೇ ಕಥೆ.

ಬೇಲಿ ಹತ್ತಿರ ನಿಂತಿದ್ದ ಹಿರಿಯರೊಬ್ಬರು ಒಂದು ದಿನ, "ಕುದುರೆ ಹಾಗಿರಲಿ, ನಿನ್ನ ಹೊಟ್ಟೆ ಎಲ್ಲಿಗೆ ತಿರುಗಿದೆ ನೋಡ್ಕೊಳಪ್ಪ" ಅಂದರು. ನೋಡಿಕೊಂಡೆ. ನೇರ ಅದರ ತಲೆಗೆ ತಿರುಗಿತ್ತು. ಗೊತ್ತಿಲ್ಲದೆ ಪ್ರತಿ ಸುತ್ತಿನಲ್ಲೂ ನಾನು ಅದರ ಭುಜಕ್ಕಿಂತ ಮುಂದೆ ಹೋಗಿಬಿಡುತ್ತಿದ್ದೆ. ಬಾಯಲ್ಲಿ 'ಹೋಗು', ಮೈಯಲ್ಲಿ 'ನಿಲ್ಲು'. ಪಾಪ, ಅದು ಮೈಯ ಮಾತು ಕೇಳುತ್ತಿತ್ತು.

ಕುದುರೆಯ ಕಣ್ಣು ತಲೆಯ ಎರಡೂ ಬದಿಗೆ ಇರುತ್ತದೆ. ಮೂಗಿನ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ನಮ್ಮ ಒಂದು ಹೆಜ್ಜೆಯೂ ಅದಕ್ಕೆ ಮಾತೇ. ಭುಜದ ಮುಂದೆ ಬಂದರೆ ದಾರಿ ಮುಚ್ಚಿದ ಹಾಗೆ, ಭುಜದ ಹಿಂದೆ ನಿಂತರೆ ದಾರಿ ಬಿಟ್ಟ ಹಾಗೆ. ಹಗ್ಗ ತಲೆಯ ಕಡೆ, ಚಾವಟಿ ಹಿಂಗಾಲಿನ ಕಡೆ, ಇವೆರಡರ ನಡುವೆ ಕುದುರೆ. ಈ ತ್ರಿಕೋನ ಕೆಡಬಾರದು.

ಅವತ್ತು ಎರಡು ಹೆಜ್ಜೆ ಅದರ ಬಾಲದ ಕಡೆ ಸರಿದು ನಿಂತೆ. ಚಾವಟಿಯ ತುದಿಯನ್ನು ನೆಲದಿಂದ ಸ್ವಲ್ಪ ಎತ್ತಿದೆ, ಅಷ್ಟೇ. ಒಳಗಿನ ಕಿವಿ ನನ್ನ ಕಡೆ ತಿರುಗಿತು. ಒಂದು ಕ್ಷಣ ಯೋಚನೆ ಮಾಡಿದ ಹಾಗೆ ನಿಂತು, ಹೊರಟಿತು. ಮೂರನೇ ಸುತ್ತಿಗೆ ಕತ್ತು ಕೆಳಗಿಳಿಸಿ, ಮೂಗಿನಿಂದ ಬುಸ್ ಅಂತ ಉಸಿರು ಬಿಟ್ಟಿತು. ಮರಳಿನಲ್ಲಿ ನೋಡಿದರೆ ಮುಂಗಾಲಿನ ಗುರುತಿನ ಮೇಲೇ ಹಿಂಗಾಲಿನ ಗುರುತು ಬಿದ್ದಿತ್ತು. ಹಿಂಗಾಲು ಅಷ್ಟು ಮುಂದಕ್ಕೆ ಬರುತ್ತಿದೆ ಅಂದರೆ ಕುದುರೆ ನಿಜವಾಗಿ ಮುಂದೆ ಹೋಗುತ್ತಿದೆ ಅಂತ. ಬರೀ ಕಾಲು ಬಡಿದು ಜೋರಾಗಿ ಓಡುವುದೇ ಬೇರೆ.

ಇನ್ನೊಂದು ತಪ್ಪು ತುಂಬ ಜನ ಮಾಡುತ್ತಾರೆ. ಬಾಯಲ್ಲಿ ಟಕ್ ಟಕ್, ಕೈಯಲ್ಲಿ ಚಾವಟಿ, ಒಂದೇ ಸಮನೆ. ಕುದುರೆ ಓಡುತ್ತಿದ್ದರೂ ನಿಲ್ಲಿಸುವುದಿಲ್ಲ. ಆಮೇಲೆ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ. ನಾನು ಈಗ ಒಂದೇ ಸಲ ಹೇಳುತ್ತೇನೆ. ಹೋಗದಿದ್ದರೆ ಚಾವಟಿ ಎತ್ತುತ್ತೇನೆ. ಆಗಲೂ ಹೋಗದಿದ್ದರೆ ಅದರ ಹಿಂಭಾಗದ ಕಡೆ ಒಂದು ಹೆಜ್ಜೆ ಮುಂದಿಡುತ್ತೇನೆ. ಹೊರಟ ಕ್ಷಣವೇ ಎಲ್ಲ ಇಳಿಸಿ ಸುಮ್ನೆ ಇರುತ್ತೇನೆ. ಆ ಸುಮ್ಮನಿರುವುದೇ ಕುದುರೆಗೆ 'ಸರಿ, ಇದೇ ಬೇಕಿದ್ದದ್ದು' ಅನ್ನುವ ಉತ್ತರ.

ಸುತ್ತು ದೊಡ್ಡದಿರಲಿ, ಅಡ್ಡಳತೆ 15ರಿಂದ 20 ಮೀಟರ್. ಚಿಕ್ಕ ಸುತ್ತಿನಲ್ಲಿ ಕಾಲಿನ ಕೀಲುಗಳಿಗೆ ಕಷ್ಟ. ಅಲ್ಲಿ ನಿಂತುಬಿಟ್ಟರೆ ಅದು ಹಟ ಅಲ್ಲ. 15–20 ನಿಮಿಷ ಸಾಕು, ನಡುವೆ ದಿಕ್ಕು ಬದಲಾಯಿಸಬೇಕು. ಹಗ್ಗವನ್ನು ಕೈಗೆ ಮಾತ್ರ ಯಾವತ್ತೂ ಸುತ್ತಿಕೊಳ್ಳಬೇಡಿ. ಮಡಿಕೆ ಮಾಡಿ ಹಿಡಿಯಿರಿ, ಗ್ಲೌಸ್ ಹಾಕಿ.

ಇಷ್ಟೆಲ್ಲ ಸರಿ ಇದ್ದೂ ನಿಂತರೆ? ಆಗ ನೋವು ಹುಡುಕಬೇಕು. ಒಂದು ಕುದುರೆ ಎಡಕ್ಕೆ ಚೆನ್ನಾಗಿ ಓಡುತ್ತಿತ್ತು, ಬಲಕ್ಕೆ ತಿರುಗಿಸಿದರೆ ನಿಲ್ಲುತ್ತಿತ್ತು. ಹಟ ಅಂದುಕೊಂಡು ಚಾವಟಿ ಎತ್ತಿದೆ. ಎರಡು ದಿನ ಆದ ಮೇಲೆ ಗಮನಿಸಿದೆ: ಬಲ ಮುಂಗಾಲು ನೆಲಕ್ಕೆ ತಾಗಿದಾಗಲೆಲ್ಲ ತಲೆ ಮೇಲಕ್ಕೆ ಹೋಗುತ್ತಿತ್ತು. ಲಾಳ ಕಟ್ಟುವವರು ಬಂದು ನೋಡಿದರೆ ಗೊರಸಿನೊಳಗೆ ಕೀವು. ಕೀವು ತೆಗೆದು, ವಾಸಿಯಾದ ಮೇಲೆ ಬಲಕ್ಕೂ ಅದೇ ಖುಷಿಯಲ್ಲಿ ಓಡಿತು. ಆ ಎರಡು ದಿನದ ಚಾವಟಿ ನನಗೆ ಇವತ್ತಿಗೂ ಚುಚ್ಚುತ್ತದೆ. ಗೊರಸು ಮಾತ್ರ ಅಲ್ಲ, ಬೆನ್ನು, ಹಲ್ಲು, ಹೊಟ್ಟೆ ಯಾವುದು ಬೇಕಾದರೂ ಇರಬಹುದು. ಡಾಕ್ಟರಿಗೆ ತೋರಿಸಿ.

ನಾಳೆ ಲಂಜಿಂಗ್ ಮುಗಿದ ಮೇಲೆ ಒಂದು ಕೆಲಸ ಮಾಡಿ. ಕುದುರೆಯನ್ನು ಲಾಯಕ್ಕೆ ಬಿಟ್ಟು ಬಂದು ಸುತ್ತಿನ ನಡುವಿನ ಮರಳು ನೋಡಿ. ನಿಮ್ಮ ಹೆಜ್ಜೆಗಳು ಅಲ್ಲೇ ಒಂದು ಪುಟ್ಟ ಬಟ್ಟಲಿನಷ್ಟು ಜಾಗದಲ್ಲಿ ಇವೆಯಾ, ಇಲ್ಲ ಕುದುರೆ ನಿಂತ ಜಾಗದ ಕಡೆಗೆ ಸಾಲಾಗಿ ಹೋಗಿವೆಯಾ? ನನ್ನವು ಆ ದಿನಗಳಲ್ಲಿ ಸಾಲಾಗಿ ಹೋಗಿರುತ್ತಿದ್ದವು.