"ಡಾಫ್ಟ್" ಎಂದರೆ "ಮೂರ್ಖ" ಅಲ್ಲ

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಒಂದು ಆಸ್ಪತ್ರೆಗೆ ನರ್ಸಾಗಿ ಸೇರಿದ ಮೊದಲ ವಾರದಲ್ಲಿ, ಬೆಳಗಿನಿಂದ ಕುಳಿತುಕೊಳ್ಳಲೂ ಬಿಡುವಾಗದೆ ದಣಿದಿದ್ದ ನಾನು, ಹತ್ತು ನಿಮಿಷ ಚಹಾಕ್ಕೆ ಹೋಗಿಬರಲೇ ಎಂದು ವಾರ್ಡಿನ ಹಿರಿಯ ಸಿಸ್ಟರನ್ನು ಅನುಮತಿ ಕೇಳಿದೆ. ಅವರು ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತದೆ, "ಡೋಂಟ್ ಬಿ ಡಾಫ್ಟ್, ಲವ್" ಎಂದರು. ಅಂದು ರಾತ್ರಿ ಕೋಣೆಗೆ ಬಂದು, ಊರಿನಿಂದ ತಂದಿದ್ದ ಇಂಗ್ಲಿಷ್-ಕನ್ನಡ ನಿಘಂಟು ತೆರೆದು ನೋಡಿದರೆ, ಆ ಪದದ ಎದುರು "ಮೂರ್ಖ, ಬುದ್ಧಿಗೇಡಿ, ಹುಚ್ಚು" ಎಂದಿತ್ತು. ಬಂದ ವಾರದಲ್ಲೇ ಮೂರ್ಖಳೆನಿಸಿಕೊಂಡೆನಲ್ಲ ಎಂದು ನಾನು ಅತ್ತೆ. ಆ ಕಣ್ಣೀರಿಗೆ ಸಿಸ್ಟರ್ ಕಾರಣರಲ್ಲ, ನಿಘಂಟಿನ ಆ ಒಂದು ಸಾಲು ಕಾರಣ ಎಂಬುದು ತಿಳಿಯಲು ನನಗೆ ಬಹಳ ತಿಂಗಳು ಬೇಕಾದವು.

ಆ ಸೀಮೆಯಲ್ಲಿ "ಲವ್" ಎಂಬುದು ಎದುರಿಗಿದ್ದವರನ್ನು ಅಕ್ಕರೆಯಿಂದ ಕರೆಯುವ ಮಾತು. ಸಿಸ್ಟರ್ ಹೇಳಿದ್ದನ್ನು ನಮ್ಮ ಧಾರವಾಡದ ಮನೆಯ ಮಾತಿಗೆ ತಂದರೆ "ಏ ಮಳ್ಳಿ, ಇದನ್ನೂ ಕೇಳ್ತಾರೇನ, ಹೋಗು" ಎಂದಾಗುತ್ತದೆ. ಎರಡನೆಯ ರೊಟ್ಟಿ ಹಾಕಿಕೊಳ್ಳಲು ಸಂಕೋಚಪಟ್ಟರೆ ಅವ್ವ ನನಗೆ ಹೇಳುತ್ತಿದ್ದದ್ದೂ ಇದನ್ನೇ.

ಈ ಪದದ ಹಿಂದಿನ ಕತೆ ತಿಳಿದ ಮೇಲೆ ನನ್ನ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ಸೌಮ್ಯ, ವಿನೀತ ಎಂಬ ಅರ್ಥವಿತ್ತು. ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ, ಯೇಸು ಕತ್ತೆಯ ಮೇಲೆ ಕುಳಿತು ಜೆರುಸಲೇಮಿಗೆ ಬರುವಾಗ "ನಿನ್ನ ಅರಸನು ವಿನೀತನಾಗಿ ಬರುತ್ತಿದ್ದಾನೆ" ಎಂಬ ಮಾತಿದೆಯಲ್ಲ, ಆ ವಿನೀತನೆಂಬ ವಿಶೇಷಣಕ್ಕೆ ಅಂದಿನ ಇಂಗ್ಲಿಷ್ ಅನುವಾದಕರು ಬಳಸಿದ್ದು ಇದೇ ಪದವನ್ನು. ಚತುರ, ಕೈಚಳಕವುಳ್ಳ ಎಂಬ ಅರ್ಥದ "ಡೆಫ್ಟ್" ಕೂಡ ಇದರ ಒಡಹುಟ್ಟು. ತಕ್ಕದ್ದು, ಹೊಂದಿಕೆಯಾಗುವಂಥದ್ದು ಎಂಬ ಒಂದೇ ಬೇರಿನಿಂದ ಎರಡೂ ಒಡೆದು ಬಂದಿವೆ. ಸೌಮ್ಯನಾದವನು ಮಂದನಾದ, ಮಂದನಾದವನು ಹದಿನೈದನೆಯ ಶತಮಾನದ ಹೊತ್ತಿಗೆ ಬುದ್ಧಿಯಿಲ್ಲದವನಾದ. ಪೆದ್ದನೆಂಬ ಅರ್ಥದ "ಡಾಫ್" ಎಂಬ ಇನ್ನೊಂದು ಪದವೂ ಆ ಕಾಲದಲ್ಲಿ ಬಳಕೆಯಲ್ಲಿದ್ದು, ಅದರ ನೆರಳೂ ಇದರ ಮೇಲೆ ಬಿದ್ದಿರಬಹುದು. "ಸಿಲ್ಲಿ" ಎಂಬುದೂ ಹೀಗೆಯೇ ಇಳಿದುಬಂದ ಪದ. ಒಂದು ಕಾಲಕ್ಕೆ ಅದರ ಅರ್ಥ ಸುಖಿ, ಧನ್ಯ ಎಂದಿತ್ತು. ನಮ್ಮ "ಮುಗ್ಧ" ಪದ ನಡೆದದ್ದು ಇದಕ್ಕೆ ತಿರುಗುಮುರುಗಾಗಿ. ಸಂಸ್ಕೃತದಲ್ಲಿ ದಿಕ್ಕುತಪ್ಪಿದವನು, ತಿಳಿವಿಲ್ಲದವನು ಎಂಬಲ್ಲಿಂದ ಹೊರಟ ಅದು ಕನ್ನಡದಲ್ಲಿ ಕಪಟವರಿಯದವನು ಎಂಬ ಮೆಚ್ಚುಗೆಗೆ ಬಂದು ನಿಂತಿದೆ.

ಉತ್ತರ ಇಂಗ್ಲೆಂಡಿನವರ ಬಾಯಲ್ಲಿ ಈ ಹಳೆಯ ಸೌಮ್ಯತೆ ಪೂರ್ತಿ ಸತ್ತಿಲ್ಲ ಎಂದು ನನಗೆ ಅನಿಸುತ್ತದೆ. ದಕ್ಷಿಣದವರು ಸ್ವರವನ್ನು ಎಳೆದು ಹೇಳುವ ಪದವನ್ನು ಇವರು ಹ್ರಸ್ವವಾಗಿ, ತಟ್ಟನೆ ಮುಗಿಸುತ್ತಾರೆ. "ಸಾಫ್ಟ್", ಅಂದರೆ ಮೆತ್ತಗಿನ, ಎಂಬ ಪದವನ್ನೂ ಇದೇ ಅರ್ಥದಲ್ಲಿ ಬಳಸುತ್ತಾರೆ. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಯೊಬ್ಬರು ತಮ್ಮ ನಡುವಯಸ್ಸಿನ ಮಗನನ್ನು "ಯು ಡಾಫ್ಟ್ ಏಪತ್" ಎಂದು ಗದರುತ್ತಿದ್ದರು. ಏಪತ್ ಎಂದರೆ ಅರ್ಧ ಪೆನ್ನಿಗೆ ಬರುವಷ್ಟು ಸಾಮಾನು. 1971ಕ್ಕೆ ಮುಂಚೆ ಒಂದು ಪೌಂಡಿಗೆ 240 ಪೆನ್ನಿಗಳಿದ್ದವು, ಹಾಗಾಗಿ ಅದು ಪೌಂಡಿನ 480ರಲ್ಲಿ ಒಂದು ಪಾಲು. ನಮ್ಮಲ್ಲಿ "ಮೂರು ಕಾಸಿಗೆ ಬಾಳದವನು" ಎಂದರೆ ಜಗಳವೇ ಆದೀತು, ಆದರೆ ಆ ಮಗ ಗದರಿಸಿಕೊಂಡು ತಾಯಿಯ ಹೊದಿಕೆ ಸರಿಪಡಿಸುತ್ತಿದ್ದ. "ಸ್ಟುಪಿಡ್" ಎಂದು ಆಕೆ ಒಮ್ಮೆಯೂ ಅನ್ನಲಿಲ್ಲ. ಆ ಪದ ಮನುಷ್ಯನ ಬುದ್ಧಿಯನ್ನೇ ಅಳೆದು ಇಷ್ಟೇ ಎಂದುಬಿಡುತ್ತದೆ. "ಡಾಫ್ಟ್" ಹೆಚ್ಚಿನ ಸಲ ಆ ಗಳಿಗೆಯ ನಡತೆಗೆ ಮಾತ್ರ ತಗಲುತ್ತದೆ.

ಆದ್ದರಿಂದ ಇದಕ್ಕೆ ಹತ್ತಿರದ ಕನ್ನಡ "ಮರುಳು" ಎಂಬುದು ನನ್ನ ವಾದ. ಉತ್ತರ ಕರ್ನಾಟಕದ "ಮಳ್ಳ", "ಮಳ್ಳಿ" ಅದೇ ಪದದ ಆಡುರೂಪಗಳು. ಸ್ಕಾಟ್ಲೆಂಡಿನಲ್ಲಿ ಫುಟ್‌ಬಾಲಿನ ಗೀಳು ಹಿಡಿದವನನ್ನು "ಫುಟ್‌ಬಾಲ್ ಡಾಫ್ಟ್" ಎನ್ನುತ್ತಾರೆ. ನಾವೂ ಒಬ್ಬರಿಗೆ, ಒಂದು ಆಟಕ್ಕೆ ಮರುಳಾಗುತ್ತೇವೆ. ಬುದ್ಧಿ ಕಡಿಮೆಯಾಗುವುದು, ಮನಸೋಲುವುದು ಎರಡನ್ನೂ ಒಂದೇ ಪದ ಹೊರುವ ಈ ಗುಣ "ಮೂರ್ಖ"ನಿಗಿಲ್ಲ. ಇಂಗ್ಲಿಷ್ ಧಾರಾವಾಹಿಗಳಿಗೆ ಕನ್ನಡದ ಅಡಿಬರಹ ಬರೆಯುವವರು ಇದನ್ನು ದಯವಿಟ್ಟು ಗಮನಿಸಬೇಕು. ಅಜ್ಜಿ ಮೊಮ್ಮಗನಿಗೆ ಹೇಳುವ ಮಾತಿನ ಕೆಳಗೆ "ಮೂರ್ಖನಂತೆ ವರ್ತಿಸಬೇಡ" ಎಂದು ಬರೆದರೆ ಆ ಅಜ್ಜಿಯ ಸ್ವಭಾವವೇ ಬದಲಾಗಿಬಿಡುತ್ತದೆ.

ಇಷ್ಟು ಹೇಳಿದ ಮೇಲೆ, ಈ ಪದದ ಇನ್ನೊಂದು ಮುಖವನ್ನು ಮುಚ್ಚಿಡಲಾರೆ. ಸ್ಕಾಟ್ಲೆಂಡಿನಲ್ಲಿ ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ಮೊದಲ ಸೋಮವಾರದವರೆಗಿನ ಮೋಜಿನ ದಿನಗಳಿಗೆ "ಡಾಫ್ಟ್ ಡೇಸ್" ಎಂಬ ಹೆಸರಿತ್ತು. 1772ರಲ್ಲಿ ಆ ದಿನಗಳ ಸಂಭ್ರಮವನ್ನು ಕವಿತೆಯಾಗಿಸಿದ ರಾಬರ್ಟ್ ಫರ್ಗುಸನ್, ಎರಡೇ ವರ್ಷಗಳಲ್ಲಿ ಎಡಿನ್‌ಬರೋದ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಅವನಿಗಾಗ 24 ವರ್ಷ. ಅದೇ ಊರಿನ ಬೀದಿಗಳಲ್ಲಿ ಅರ್ಧ ಶತಮಾನದ ನಂತರ ಜೇಮ್ಸ್ ವಿಲ್ಸನ್ ಎಂಬ ಹುಡುಗ ಅಲೆದಾಡಿಕೊಂಡಿದ್ದ. ಬುದ್ಧಿ ಬೆಳೆದಿರಲಿಲ್ಲ, ಪಾದಗಳು ಸೊಟ್ಟಗಿದ್ದವು. ಊರೆಲ್ಲ ಅವನನ್ನು ಬಲ್ಲದು, ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು "ಡಾಫ್ಟ್ ಜೇಮಿ" ಎಂದು. 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನೆಂಟರ ಆ ಹುಡುಗನನ್ನು ಕೊಂದು, ಶವವನ್ನು ಅಂಗರಚನಾಶಾಸ್ತ್ರಜ್ಞ ರಾಬರ್ಟ್ ನಾಕ್ಸ್‌ಗೆ ಮಾರಿದರು. ಅವರು ಕೊಂದ 16 ಮಂದಿಯಲ್ಲಿ ಇವನೂ ಒಬ್ಬ. ಛೇದನದ ಮೇಜಿನ ಮೇಲೆ ವಿದ್ಯಾರ್ಥಿಗಳು ಅವನ ಗುರುತು ಹಿಡಿದರೂ, ನಾಕ್ಸ್ ಅಲ್ಲವೆಂದ. ಬರ್ಕ್‌ನನ್ನು 1829ರ ಜನವರಿಯಲ್ಲಿ ಗಲ್ಲಿಗೇರಿಸಿದರು, ಆದರೆ ಅದು ಬೇರೊಬ್ಬ ಹೆಂಗಸಿನ ಕೊಲೆಗಾಗಿ; ಸಾಕ್ಷಿ ನುಡಿದ ಹೇರ್ ಬಿಡುಗಡೆಯಾದ. ಸತ್ತ ಹುಡುಗನ ಬಗ್ಗೆ ಲಾವಣಿಗಳು ಅಚ್ಚಾದವು, ಅವುಗಳಲ್ಲೂ ಅವನು ಡಾಫ್ಟ್ ಜೇಮಿಯೇ. ಅಕ್ಕರೆಯಿಂದ ಇಟ್ಟ ಹೆಸರೇ ಆಗಿದ್ದರೂ, ಅದು ಅವನ ನಿಜವಾದ ಹೆಸರನ್ನು ನುಂಗಿಹಾಕಿತು.

ಹಾಗಾಗಿ ಮರೆವಿನ ಕಾಯಿಲೆಯವರು, ಬುದ್ಧಿಮಾಂದ್ಯರು ಇರುವ ವಾರ್ಡಿನಲ್ಲಿ, ಜೊತೆಯವರು ಎಷ್ಟೇ ಪ್ರೀತಿಯಿಂದ ಬಳಸಿದರೂ, ರೋಗಿಗಳ ವಿಷಯದಲ್ಲಿ ನಾನು ಈ ಪದವನ್ನು ಆಡುವುದಿಲ್ಲ. ಮರುಮಾತಾಡುವ ಶಕ್ತಿಯಿರುವವರ ನಡುವೆ ಮಾತ್ರ ಅದು ಸಲುಗೆಯ ಮಾತು. ಈಗ ಕರ್ನಾಟಕದಿಂದ ಹೊಸದಾಗಿ ಬರುವ ಹುಡುಗಿಯರು, "ಅಕ್ಕಾ, ಸಿಸ್ಟರ್ ನನಗೆ ಹೀಗಂದರು" ಎಂದು ಮುಖ ಸಪ್ಪಗೆ ಮಾಡಿಕೊಂಡು ಬಂದಾಗ, ಆ ಪದದ ಹಿಂದೆಯೇ "ಲವ್" ಎಂದರೋ ಇಲ್ಲವೋ ಎಂದು ಮೊದಲು ಕೇಳುತ್ತೇನೆ. ಎಂದರು ಎನ್ನುವವರನ್ನು ಚಹಾ ಕುಡಿಯಲು ಕಳಿಸುತ್ತೇನೆ.