ಬೆನ್ನಿನ ಮೇಲೆ ಜೋನಿ ಬೆಲ್ಲ

ಟೂತ್‌ಬ್ರಶ್ಶಿನ ಹಿಡಿಕೆ ಕೊಯ್ದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಚಮಚದ ಹಿಡಿಕೆಗೆ ಗರಗಸ ಇಟ್ಟಾಗ ಮಾತ್ರ ಆಯಿ ಒಳಗಿನಿಂದ ಓಡಿ ಬಂದಳು. ಅದು ಅವಳ ಮದುವೆಗೆ ಬಂದ ಸೆಟ್ಟಿನದಂತೆ.

ಮೊರಾಕ್ಕೊದ ಸಹಾರಾದಲ್ಲಿ 1986ರಿಂದ ಒಂದು ಓಟ ನಡೆಯುತ್ತದೆ. ಮ್ಯಾರಥಾನ್ ದೆ ಸಾಬ್ಲ್ ಅಂತ ಹೆಸರು. ಒಂದು ವಾರ, ಸುಮಾರು 250 ಕಿಲೋಮೀಟರ್. ನೀರು, ಟೆಂಟು ಓಟ ನಡೆಸುವವರದು. ಊಟ, ಹಾಸಿಗೆ ಎಲ್ಲ ನಮ್ಮ ಬೆನ್ನಿನ ಮೇಲೆ. ನೀರು ಬಿಟ್ಟು ಬ್ಯಾಗು ಆರೂವರೆ ಕಿಲೋಗಿಂತ ಕಡಿಮೆ ಇರಬಾರದು, 15 ಕಿಲೋ ದಾಟಲೂಬಾರದು. ಹಗುರವಾದಷ್ಟೂ ಓಡಲು ಸುಲಭ, ಹಿಡಿಕೆಗಳಿಗೆ ಗರಗಸ ಬಿದ್ದಿದ್ದು ಅದಕ್ಕೇ. ದಿನಕ್ಕೆ ಕನಿಷ್ಠ 2000 ಕ್ಯಾಲೊರಿ ಊಟ ಇರಲೇಬೇಕು. ಶಿರಸಿಯ ಮಳೆಯಲ್ಲಿ ಕಾಲಿಗೆ ಹತ್ತಿದ ಇಂಬಳ ಕಿತ್ತುಕೊಂಡು ಬೆಳೆದವನಿಗೆ ಈ ಹುಚ್ಚು ಯಾಕೆ ಹಿಡಿಯಿತು ಅಂತ ಕೇಳಬೇಡಿ. ಮುಂದಿನ ವರ್ಷ ಹೋಗುವುದು ಅಂತ ಸುಮ್ನೆ ಎಲ್ಲರಿಗೂ ಹೇಳಿಬಿಟ್ಟಿದ್ದೆ.

"ಊಟ ಹಾಕದೇ ಇಪ್ಪ ಮನೆಗೆ ಎಂತಕ್ಕೆ ಹೋಗ್ತೆ ಮಾಣಿ?" ಅಂದಳು ಆಯಿ.

ಏಳು ದಿನಕ್ಕೆ 14000 ಕ್ಯಾಲೊರಿ. ಬರೀ ಅವಲಕ್ಕಿ ಹೊತ್ತರೆ ನಾಲ್ಕು ಕಿಲೋ ಬೇಕು. ಶೇಂಗಾ ಆದರೆ ಎರಡೂವರೆ ಕಿಲೋ ಸಾಕು, ಜಿಡ್ಡು ಜಾಸ್ತಿ ಅಲ್ವಾ? ತುಪ್ಪವಾದರೆ ಒಂದೂವರೆ ಕಿಲೋಗೇ ಲೆಕ್ಕ ಚುಕ್ತಾ. ಆದರೆ ಅಷ್ಟು ತುಪ್ಪ ತಿಂದವನು ಓಡುವ ದಿಕ್ಕೇ ಬೇರೆ. ನಮ್ಮ ಕಡೆಯ ಸಿಹಿತಿಂಡಿ ತೊಡೆದೇವು ಹಗುರ ಅಂತ ಒಂದು ಕಟ್ಟು ಇಟ್ಟುಕೊಂಡೆ. ಕಾಗದದಂಥದ್ದು, ಗಾಳಿಗೆ ಹಾರಬೇಕು ಹಾಗಿದೆ.

ತೂಕ ಮಾಡಲು ಅಪ್ಪಯ್ಯನ ಅಡಿಕೆ ತಕ್ಕಡಿಯೇ ಗತಿ. ನಾನು ಸಾಕ್ಸಿನ ಜೋಡಿ ಇಟ್ಟರೆ ಮುಳ್ಳು ಕದಲಲಿಲ್ಲ. "ಚಾಲಿ ಚೀಲ ತೂಗುವ ತಕ್ಕಡಿಯ ಮೇಲೆ ಚಡ್ಡಿ ಇಡ್ತಾನೆ" ಅಂತ ಅಪ್ಪಯ್ಯ ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದರು. ಕೊನೆಗೆ ಇಡೀ ಬ್ಯಾಗೇ ಇಟ್ಟು ನೋಡಿದೆ. ಒಂಬತ್ತು ಕಿಲೋ. ಅಂಗಿಯ ಲೇಬಲ್ ಕತ್ತರಿಸಿದೆ, ಬ್ಯಾಗಿನ ಉದ್ದ ಪಟ್ಟಿ ಕತ್ತರಿಸಿದೆ. ಆಮೇಲೂ ಒಂಬತ್ತೇ.

ಮರಳಿನ ಅಭ್ಯಾಸಕ್ಕೆ ಕಾರವಾರಕ್ಕೆ ಹೋದೆ. ಟಾಗೋರ್ ಬೀಚಿನ ಚಪಲ್ ಯುದ್ಧನೌಕೆಯ ಹತ್ತಿರದಿಂದ ಕಾಳಿ ನದಿಯ ಕಡೆಗೆ ಓಡಿ, ತಿರುಗಿ ಬರುವುದು, ಮತ್ತೆ ಓಡುವುದು. ಸಹಾರಾದ ಒಣ ಬಿಸಿಲು ಇಲ್ಲಿ ಎಲ್ಲಿಂದ ಬರಬೇಕು? ಐದು ನಿಮಿಷಕ್ಕೆ ಅಂಗಿ ಹಿಂಡಿದರೆ ಒಂದು ಲೋಟ ಬೆವರು. ಬ್ಯಾಗು ಮಾತ್ರ ಹೆಜ್ಜೆ ಹೆಜ್ಜೆಗೂ ಭಾರವಾಗುತ್ತಿತ್ತು. ಒಂಬತ್ತು ಕಿಲೋ ಅಂದರೆ ಇಷ್ಟೊಂದಾ ಅಂತ ನನ್ನ ಮೇಲೆ ನನಗೇ ನಾಚಿಕೆ ಬಂತು.

ಮೂರನೇ ಸುತ್ತಿಗೆ ಕೂತು ಬ್ಯಾಗು ಬಿಚ್ಚಿದೆ. ತೊಡೆದೇವು ಹಿಟ್ಟಾಗಿತ್ತು. ಚಮಚದಲ್ಲಿ ತಿನ್ನೋಣ ಅಂದರೆ ಚಮಚಕ್ಕೆ ಹಿಡಿಕೆ ಇಲ್ಲ. ಎರಡು ಬೆರಳಲ್ಲಿ ಅದರ ಅಂಚು ಹಿಡಿದು ಡಬ್ಬಿಯ ತಳಕ್ಕೆ ಇಳಿಸಿದರೆ ಕೈಯೇ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಕೈ ಹೊರಗೆ ಬಂತು, ಚಮಚ ಅಲ್ಲೇ ಉಳಿಯಿತು. ಕೈ ಒರೆಸಲು ಬಟ್ಟೆ ಹುಡುಕುತ್ತ ಬ್ಯಾಗಿನ ತಳ ತಡವಿದಾಗ ಸಿಕ್ಕಿದ್ದು ಅಪ್ಪೆಮಿಡಿ ಉಪ್ಪಿನಕಾಯಿಯ ಗಾಜಿನ ಭರಣಿ. ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಮಲಗುವ ಚೀಲದ ಒಳಗೆ, ಬಹಳ ಜಾಣತನದಿಂದ ಇಟ್ಟಿದ್ದಳು ಆಯಿ. ಪಕ್ಕದಲ್ಲಿ ಪಾಕದಂಥ ಜೋನಿ ಬೆಲ್ಲದ ಬಾಟಲಿ. ಮುಚ್ಚಳ ಸಡಿಲ. ಬೆಲ್ಲ ಬಿಸಿಲಿಗೆ ನೀರಾಗಿ ಮಲಗುವ ಚೀಲ, ಸಾಕ್ಸು, ನನ್ನ ಬೆನ್ನು ಎಲ್ಲವನ್ನೂ ಮುಟ್ಟಿತ್ತು. ಬೆವರು ಅಂತ ಅಷ್ಟು ಹೊತ್ತು ನಾನು ಒರೆಸಿಕೊಂಡಿದ್ದು ಅದನ್ನೇ. ಎರಡು ನಾಯಿಗಳು ಯಾಕೆ ಹಿಂದೆಯೇ ಓಡಿ ಬರುತ್ತಿದ್ದವು ಅಂತ ಈಗ ಗೊತ್ತಾಯಿತು. ಪ್ರೋತ್ಸಾಹ ಅಂದುಕೊಂಡಿದ್ದೆ.

ಬ್ಯಾಗು ಹೆಗಲಿಗೆ ಹಾಕಿ ರಸ್ತೆಗೆ ಬಂದೆ. ತಳದಿಂದ ತೊಟ್ಟಿಕ್ಕುತ್ತಲೇ ಇತ್ತು. ಬುಟ್ಟಿ ಹೊತ್ತು ಬರುತ್ತಿದ್ದ ಮೀನು ಮಾರುವ ಹೆಂಗಸೊಬ್ಬರು ನಿಂತು ಮೂಸಿದರು. ಒಂದು ಹನಿ ಬೆರಳಿಗೆ ಹಿಡಿದು ನೆಕ್ಕಿ ನೋಡಿದರು.

"ಒಳ್ಳೆ ಬೆಲ್ಲ. ಶಿರಸಿದಾ? ಕಿಲೋಕೆ ಎಷ್ಟು?"